ಹಳೆಯ ಬ್ರಿಟಿಷ್ ರೈಲು ಕೋಚ್: ಮಾರ್ಕ್ 1 ಯಾವುದು, ಮಾರ್ಕ್ 2 ಯಾವುದು, ಅದರಲ್ಲಿ 2ಬಿ ಯಾವುದು?

ಮಾರ್ಕ್ 1, 2, 3 ಅಂದರೆ ಬ್ರಿಟಿಷ್ ರೈಲ್ವೆ ಒಂದಾದ ಮೇಲೊಂದು ತಂದ ಕೋಚು ವಿನ್ಯಾಸಗಳ ಹೆಸರು, 2ಬಿ ಮಾರ್ಕ್ 2ರದೇ ಒಂದು ಉಪಬಗೆ. ಮೊದಲೇ ಹೇಳಿಬಿಡ್ತೀನಿ, ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಮರೂನ್ ಇದ್ದರೆ ಹಳೇದು, ನೀಲಿ-ಬೂದು ಇದ್ದರೆ ಹೊಸದು ಅನ್ನೋ ಲೆಕ್ಕ ಬೇಗ ಕೈಕೊಡುತ್ತೆ. ಒಂದೇ ಕೋಚಿಗೆ ಅದರ ಆಯುಷ್ಯದಲ್ಲಿ ಎಷ್ಟೋ ಸಲ ಬಣ್ಣ ಬದಲಾಗಿರುತ್ತೆ, ಈಗ ಹಳೇ ರೈಲುಗಳನ್ನು ಉಳಿಸಿ ಓಡಿಸುವ ಸಂರಕ್ಷಿತ ಮಾರ್ಗಗಳಲ್ಲಿ ಓಡುವವಕ್ಕಂತೂ ಇಟ್ಟುಕೊಂಡವರು ಬಳಿದದ್ದೇ ಬಣ್ಣ. ಸುಲಭಕ್ಕೆ ಬದಲಾಗದೆ ಉಳಿಯೋದು ಮೈಕಟ್ಟು, ಬಾಗಿಲು, ಕಿಟಕಿ. ಕಣ್ಣು ಅಲ್ಲಿರಲಿ.

ಶುರು ಮಾಡಬೇಕಾದ್ದು ಕೆಳಗಿನಿಂದ. ಎರಡು ಕಡೆಯ ಚಕ್ರಗಳ ನಡುವೆ, ಕೋಚಿನ ಹೊಟ್ಟೆಯ ಕೆಳಗೆ, ಕಬ್ಬಿಣದ ಪಟ್ಟಿಗಳ ಓರೆ ಆಸರೆ ಕಾಣ್ತಿದೆಯಾ? ಹಾಗಿದ್ದರೆ ಅದು ಮಾರ್ಕ್ 1. 1951ರಲ್ಲಿ ಬಂದ ಈ ಕೋಚಿನಲ್ಲಿ ಕೆಳಗಿನ ಚೌಕಟ್ಟೇ ಬೇರೆ, ಮೇಲಿನ ಮೈಯೇ ಬೇರೆ. ಭಾರವೆಲ್ಲ ಚೌಕಟ್ಟಿನ ಮೇಲೆ, ಅದಕ್ಕೇ ಆ ಆಸರೆ. 1964ರಿಂದ ತಯಾರಾದ ಮಾರ್ಕ್ 2ರಲ್ಲಿ ಮೈಯೂ ಚೌಕಟ್ಟೂ ಸೇರಿ ಒಂದೇ ಕೊಳವೆಯ ಹಾಗೆ ಭಾರ ಹೊರುತ್ತವೆ, ಆದ್ದರಿಂದ ಆಸರೆಯ ಗೊಡವೆಯೇ ಇಲ್ಲ. ಮಾರ್ಕ್ 3 ಗುರುತಿಸೋದು ಇನ್ನೂ ಸುಲಭ. ಮೊದಲಿನವೆರಡೂ ಸುಮಾರು 20 ಮೀಟರ್ ಉದ್ದ, ಇದು 23 ಮೀಟರ್. ಜೊತೆಗೆ ಕೆಳಗಿನ ಸಲಕರಣೆಗಳನ್ನೆಲ್ಲ ತಗಡಿನಿಂದ ಮುಚ್ಚಿರುತ್ತಾರೆ.

ತಲೆ ಕೆಡೋದು ಮಾರ್ಕ್ 2ರ ಒಳಗೇ. ಸಾದಾ 2, ಆಮೇಲೆ 2ಎ, 2ಬಿ, ಹೀಗೆ 2ಎಫ್‌ವರೆಗೆ 1975ರ ತನಕ ಬಂದವು. ಏಳನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಲು ಹೋಗಬೇಡಿ, ಹೊರಗಿನಿಂದ ಮೂರು ಗುಂಪು ಮಾಡಿಕೊಳ್ಳಿ ಸಾಕು. ಕಿಟಕಿಯ ಮೇಲ್ಭಾಗದಲ್ಲಿ ಸರಿಸುವ ಗಾಜು ಇದ್ದು, ಎರಡನೇ ದರ್ಜೆಯ ಓಪನ್ ಕೋಚಿನ (ಒಳಗೆ ಕೋಣೆಗಳಿಲ್ಲದೆ ಒಂದೇ ಹಜಾರದಂತಿರೋದು) ನಟ್ಟನಡುವೆ ಒಂದು ಬಾಗಿಲೂ ಇದ್ದರೆ ಸಾದಾ 2 ಅಥವಾ 2ಎ. ಸರಿಸುವ ಗಾಜು ಇದೆ, ಆದರೆ ನಡುವಿನ ಬಾಗಿಲು ಮಾಯ, ತುದಿಯ ಬಾಗಿಲುಗಳು ಅಗಲವಾಗಿ ಮೂಲೆಯ ಕಡೆ ಬಾಗಿವೆ ಅಂದರೆ 2ಬಿ ಅಥವಾ 2ಸಿ. ಕಿಟಕಿ ತೆರೆಯೋಕೇ ಬರಲ್ಲ, ಪೂರ್ತಿ ಒಂದೇ ಗಾಜು ಅಂದರೆ ಹವಾನಿಯಂತ್ರಣ ಇರುವ 2ಡಿ, 2ಇ ಅಥವಾ 2ಎಫ್.

ಗುಂಪಿನೊಳಗೆ ಬಿಡಿಸಬೇಕಾದರೆ ಇನ್ನಷ್ಟು ಹತ್ತಿರ ಹೋಗಬೇಕು. ಸಾದಾ 2 ವ್ಯಾಕ್ಯೂಮ್ ಬ್ರೇಕಿನದು, 2ಎ ಏರ್ ಬ್ರೇಕಿನದು. ಹಾಗಾಗಿ ಕೋಚಿನ ತುದಿಯಲ್ಲಿ ನೇತಾಡುವ ಪೈಪು ನೋಡಿ. ದಪ್ಪನೆಯ ಸುಕ್ಕುಸುಕ್ಕು ಪೈಪು ವ್ಯಾಕ್ಯೂಮಿಗೆ, ಕೆಂಪು-ಹಳದಿ ಗುರುತಿನ ಸಣ್ಣ ಪೈಪುಗಳು ಏರಿಗೆ. ಆಮೇಲೆ ಎರಡೂ ಬಗೆಯ ಬ್ರೇಕ್ ಹಾಕಿಸಿಕೊಂಡ ಕೋಚುಗಳೂ ಉಂಟು, ಸ್ವಲ್ಪ ಜೋಪಾನ. 2ಸಿಯಲ್ಲಿ ಚಾವಣಿ ತಗ್ಗು, ಯಾಕಂದರೆ ಏಸಿಯ ಗಾಳಿ ಕೊಳವೆಗೆ ಜಾಗ ಬಿಟ್ಟರು, ಏಸಿ ಮಾತ್ರ ಹಾಕಲಿಲ್ಲ! 2ಇಯಲ್ಲಿ ಶೌಚಾಲಯ ಚಿಕ್ಕದು, ಉಳಿದ ಜಾಗದಲ್ಲಿ ಲಗೇಜ್ ಇಡೋ ವ್ಯವಸ್ಥೆ. 2ಎಫ್ ಒಳಗೆ ಪ್ಲಾಸ್ಟಿಕ್ ಹಲಗೆಗಳೇ ಜಾಸ್ತಿ. ನವೀಕರಣ ಆದ ಕೋಚಿನಲ್ಲಿ ಈ ಒಳಗಿನ ಗುರುತುಗಳೆಲ್ಲ ಅಳಿಸಿಹೋಗಿರಬಹುದು.

ದರ್ಜೆ ತಿಳಿಯೋಕೆ ಕಿಟಕಿ ಎಣಿಸೋದು ನನಗೆ ಇಷ್ಟದ ಉಪಾಯ. ಶೌಚಾಲಯದ ಮಸುಕು ಗಾಜು ಬಿಟ್ಟು ದೊಡ್ಡ ಕಿಟಕಿ ಎಷ್ಟಿವೆ? ಪೂರ್ತಿ ಮೊದಲ ದರ್ಜೆಯಾದರೆ ಏಳು, ಎರಡನೇ ದರ್ಜೆಯಾದರೆ ಎಂಟು. ಮಾರ್ಕ್ 1ರಲ್ಲಿ ಮೊದಲ ದರ್ಜೆಗೆ 42 ಸೀಟು, ಎರಡನೇ ದರ್ಜೆಯ ಓಪನ್ ಕೋಚಿಗೆ 64. ಕಿಟಕಿಯ ಮೇಲೆ ಹಳದಿ ಪಟ್ಟಿ ಇದ್ದರೆ ಮೊದಲ ದರ್ಜೆ, ಕೆಂಪು ಪಟ್ಟಿ ಇದ್ದರೆ ಊಟ-ತಿಂಡಿಯ ಕೋಚು. ಆದರೆ ಈ ಪಟ್ಟಿ ಬಂದದ್ದು 60ರ ದಶಕದಲ್ಲಿ, ಅದಕ್ಕೂ ಹಿಂದಿನ ಫೋಟೋದಲ್ಲಿ ಸುಮ್ನೆ ಹುಡುಕಬೇಡಿ.

ಇನ್ನೊಂದು ವಿಷಯ. ಮಾರ್ಕ್ 2ರಲ್ಲಿ ಅಡುಗೆಮನೆ ಇರುವ ಕೋಚನ್ನು ಹೊಸದಾಗಿ ಕಟ್ಟಲೇ ಇಲ್ಲ, ಮಲಗುವ ಕೋಚನ್ನೂ ಕಟ್ಟಲಿಲ್ಲ. 70ರ ದಶಕದ ಫೋಟೋದಲ್ಲಿ ಮಾರ್ಕ್ 2 ಸಾಲಿನ ನಡುವೆ ಬೇರೆ ಥರದ್ದೊಂದು ಕೋಚು ನುಸುಳಿದ್ದರೆ, ಅದು ಮಾರ್ಕ್ 1ರ ಬಫೆಯೋ ರೆಸ್ಟೋರೆಂಟೋ ಆಗಿರೋ ಸಾಧ್ಯತೆ ಹೆಚ್ಚು.

ಚಕ್ರಗಳನ್ನು ಹಿಡಿದಿರುವ ಟ್ರಾಲಿ ನೋಡೋದು ಕೊನೆಗೆ, ಅದರಲ್ಲಿ ಮೂರು ಬಗೆ. ಆಕ್ಸಲ್ ಬಾಕ್ಸಿನ (ಚಕ್ರದ ಅಚ್ಚಿನ ತುದಿ ಕೂರುವ ಪೆಟ್ಟಿಗೆ) ಬಳಿ ಪಟ್ಟಿ ಸ್ಪ್ರಿಂಗ್ ಇದ್ದರೆ ಬಿಆರ್1. ಒಂದು ಚಕ್ರದಿಂದ ಇನ್ನೊಂದಕ್ಕೆ ದಪ್ಪ ತೊಲೆ ಹಾದುಹೋಗಿ ಅದರ ಮೇಲೆ ಸುರುಳಿ ಸ್ಪ್ರಿಂಗ್ ಕೂತಿದ್ದರೆ ಕಾಮನ್‌ವೆಲ್ತ್. ತೊಲೆಯೇ ಇಲ್ಲದೆ ಆಕ್ಸಲ್ ಬಾಕ್ಸಿನ ಎರಡೂ ಪಕ್ಕ ಸುರುಳಿ ಇದ್ದರೆ ಬಿ4. ಮಾರ್ಕ್ 2ಕ್ಕೆ ಬಿ4 ಮಾಮೂಲಿ, ಮಾರ್ಕ್ 1ಕ್ಕೆ ಮೂರೂ ಸಿಗುತ್ತವೆ, ಅಷ್ಟಲ್ಲದೆ ಅದಲು-ಬದಲೂ ಆಗಿವೆ. ಅದಕ್ಕೇ ಬಿ4 ಕಂಡ ಕೂಡಲೇ ಮಾರ್ಕ್ 2 ಅಂತ ಬರೆದುಕೊಳ್ಳಬೇಡಿ.

ಇಷ್ಟಾದ ಮೇಲೂ ಅನುಮಾನ ಇದ್ದರೆ ಮೈಮೇಲಿನ ನಂಬರ್ ಓದಿ. ಮಾರ್ಕ್ 1ರಲ್ಲಿ 24000ದ ಸುತ್ತಮುತ್ತ ಇದ್ದರೆ ಎರಡನೇ ದರ್ಜೆಯ ಕಂಪಾರ್ಟ್‌ಮೆಂಟ್ (ಸಣ್ಣ ಕೋಣೆಗಳಾಗಿ ವಿಂಗಡಿಸಿದ) ಕೋಚು, 34000ದ ಸುತ್ತ ಇದ್ದರೆ ಅದರದೇ ಗಾರ್ಡ್ ಜಾಗ ಇರುವ ರೂಪ. 13000ದ ಸುತ್ತ ಮೊದಲ ದರ್ಜೆಯ ಕಂಪಾರ್ಟ್‌ಮೆಂಟ್. ಆದರೆ ಈ ಕೊನೆಯದರಲ್ಲಿ ಮಾರ್ಕ್ 1, ಮಾರ್ಕ್ 2 ಎರಡೂ ಸೇರಿವೆ: 1963ರಲ್ಲಿ ಸ್ವಿಂಡನ್‌ನ ರೈಲ್ವೆ ಕಾರ್ಖಾನೆಯಲ್ಲಿ ಕಟ್ಟಿದ ಮಾರ್ಕ್ 2ರ ಮೊದಲ ಮಾದರಿಯ ನಂಬರೇ 13252. ಅಂಥ ಕಡೆ ಮತ್ತೆ ಬಗ್ಗಿ ಹೊಟ್ಟೆಯ ಕೆಳಗೆ ನೋಡಲೇಬೇಕು.