ಬೆಟ್ಟದ ದರಕಿಗೆ ಪೆಟ್ರೋಲ್ ಬ್ಲೋವರ್: ಮೂರು ಬೇಸಿಗೆಯ ನನ್ನ ಅನುಭವ

ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ತೋಟದ ಮೇಲುಗಡೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಜನವರಿ ಬಂತೆಂದರೆ ಅಲ್ಲಿ ಕಾಲು ಹುಗಿಯುವಷ್ಟು ದರಕು, ಅಂದರೆ ಉದುರಿದ ಒಣ ಎಲೆ. ಕೊಟ್ಟಿಗೆಗೂ ತೋಟಕ್ಕೂ ಅದು ಬೇಕೇ ಬೇಕು. ಆದರೆ ರಸ್ತೆಯಿಂದ ಯಾರೋ ಒಂದು ಬೀಡಿ ಎಸೆದರೆ ಸಾಕು, ಬೆಟ್ಟವೇ ಹೋಯಿತು. ಅದಕ್ಕೇ ವರ್ಷವೂ ಅಂಚಿನಲ್ಲಿ ಹತ್ತು ಅಡಿ ಅಗಲ ಗುಡಿಸಿ ಫೈರ್ ಲೈನ್, ಅಂದರೆ ಬೆಂಕಿ ದಾಟದಂತೆ ಎಲೆಯಿಲ್ಲದ ಪಟ್ಟಿ ಮಾಡುತ್ತೇವೆ. ಆಳು ಸಿಗುವುದು ಕಷ್ಟವಾದ ಮೇಲೆ ಬೆನ್ನಿಗೆ ಹಾಕಿಕೊಂಡು ಗಾಳಿ ಊದಿ ಎಲೆ ಸರಿಸುವ ಬ್ಲೋವರ್ ತಂದೆ.

ಇದು ಟೂ ಸ್ಟ್ರೋಕ್ ಎಂಜಿನ್. ಆರ್‌ಎಕ್ಸ್ 100 ಬೈಕ್ ಓಡಿಸಿದವರಿಗೆ 2ಟಿ ಆಯಿಲ್ ಗೊತ್ತೇ ಇರುತ್ತದೆ. ನನ್ನ ಮಷಿನ್‌ಗೆ ಲೀಟರ್ ಪೆಟ್ರೋಲಿಗೆ 20 ಎಂಎಲ್ ಆಯಿಲ್ ಬೆರೆಸಬೇಕು, ಅಂದರೆ 50ಕ್ಕೆ 1. ಕೆಲವಕ್ಕೆ 25ಕ್ಕೆ 1 ಇರುತ್ತದೆ, ಜೊತೆಗೆ ಬಂದ ಪುಸ್ತಕ ನೋಡಿಕೊಳ್ಳಿ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಪ್ಲಗ್ ಕಪ್ಪಾಗುತ್ತದೆ. ಕಣ್ಣಂದಾಜು ಬೇಡ. ದನಕ್ಕೆ ಔಷಧಿ ಕೊಡುವ 20 ಎಂಎಲ್ ಸಿರಿಂಜ್ ಒಂದನ್ನು ನಾನು ಇದಕ್ಕೇ ಇಟ್ಟಿದ್ದೇನೆ.

ಚೋಕ್ ಹಾಕಿ ಹಗ್ಗ ಎಳೆಯುವಾಗ ಎಂಜಿನ್ ಒಂದು ಸಲ ಕೆಮ್ಮಿದರೆ ತಕ್ಷಣ ಚೋಕ್ ತೆಗೆಯಬೇಕು. ಆಮೇಲೂ ಚೋಕಲ್ಲೇ ಎಳೆದರೆ ಪ್ಲಗ್ ಒದ್ದೆಯಾಗಿ ಸುಮ್ನೆ ರಟ್ಟೆ ನೋವು.

ಊದುವುದರಲ್ಲೂ ಒಂದು ಹದ ಇದೆ. ಮೊದಲ ದಿನ ಫುಲ್ ರೇಸ್ ಕೊಟ್ಟೆ. ಎಲೆ ಮೇಲಕ್ಕೆ ಹಾರಿ ಗುಡಿಸಿದ ಜಾಗಕ್ಕೇ ಬಿತ್ತು. ‘ದರಕಿನ ಜೊತೆ ಮಣ್ಣನ್ನೂ ಓಡಿಸ್ತೀಯಲ್ಲೋ’ ಎಂದು ಅಮ್ಮ ಬೈದಳು. ಅರ್ಧ ರೇಸ್ ಸಾಕು. ಕೊಳವೆಯ ಬಾಯಿ ನೆಲಕ್ಕೆ ಹತ್ತಿರವಿಟ್ಟು ಅತ್ತಿತ್ತ ಬೀಸುತ್ತಾ ಹೋದರೆ ದರಕು ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಮುಂದೆ ಸರಿಯುತ್ತದೆ. ಗಾಳಿ ಬೆನ್ನಿಗಿರಲಿ. ಇಬ್ಬನಿ ಆರುತ್ತಿದ್ದಂತೆ ಶುರು ಮಾಡಬೇಕು. ಅದಕ್ಕೂ ಮೊದಲು ಎಲೆ ನೆಲ ಬಿಡುವುದಿಲ್ಲ, ಮಧ್ಯಾಹ್ನವಾದರೆ ಧೂಳು. ಕಿವಿಗೆ ಇಯರ್ ಮಫ್ ಇಲ್ಲದೆ ಮಾಡಿದ ದಿನ ರಾತ್ರಿಯಿಡೀ ಕಿವಿಯಲ್ಲಿ ಜೀರುಂಡೆ.

ಈಗ ನಾಚಿಕೆಯ ಕಥೆ. ಮೊದಲ ಬೇಸಿಗೆಯಲ್ಲೇ, ಪೆಟ್ರೋಲ್ ಖಾಲಿಯಾಯಿತೆಂದು ಮಷಿನ್ ಬಿಚ್ಚಿ ಅಲ್ಲೇ ದರಕಿನ ಮೇಲೆ ಇಟ್ಟು ಕ್ಯಾನ್ ತರಲು ಹೋದೆ. ವಾಪಸ್ ಬರುವಷ್ಟರಲ್ಲಿ ಸುಟ್ಟ ವಾಸನೆ. ಸೈಲೆನ್ಸರ್ ಪಕ್ಕದ ಎಲೆಗಳು ಸುರುಟಿಕೊಂಡು ಕಪ್ಪಾಗಿದ್ದವು, ನೂಲಿನಂಥ ಹೊಗೆ ಏಳುತ್ತಿತ್ತು. ಕಾಲಿಂದ ತುಳಿದು ಆರಿಸಿದೆ. ಬೆಂಕಿ ತಡೆಯೋಕೆ ತಂದ ಮಷಿನ್ ಅಲ್ವಾ! ಈಗ ಬರೀ ಮಣ್ಣಿರುವ ಜಾಗ ಬಿಟ್ಟು ಬೇರೆಲ್ಲೂ ಇಡುವುದಿಲ್ಲ. ಹದಿನೈದು ನಿಮಿಷ ಆರಿದ ಮೇಲೇ ಪೆಟ್ರೋಲ್. ಒದ್ದೆ ಗೋಣಿ, ಒಂದು ಕೊಡ ನೀರು ಜೊತೆಗೇ ಬರುತ್ತವೆ.

ಮಷಿನ್ ಕೆಟ್ಟಿದ್ದು ಓಡುವಾಗಲ್ಲ, ಮಳೆಗಾಲದಲ್ಲಿ ಸುಮ್ಮನೆ ಕೂತಾಗ. ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಟ್ಟಿದ್ದೆ. ಡಿಸೆಂಬರಿನಲ್ಲಿ ಎಷ್ಟು ಎಳೆದರೂ ಉಸಿರಿಲ್ಲ. ಬಿಚ್ಚಿದರೆ ಕಾರ್ಬುರೇಟರ್ ತುಂಬ ಅಂಟು, ಪೆಟ್ರೋಲ್ ಪೈಪ್ ಗಟ್ಟಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ, ಅದು ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗೆ ಕೇಳಬೇಕೇ? ಹಾಗಾಗಿ ಸೀಸನ್ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನಾಗೇ ನಿಲ್ಲುವವರೆಗೆ ಓಡಿಸುತ್ತೇನೆ. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ನಾಲ್ಕು ಹನಿ 2ಟಿ ಬಿಟ್ಟು ಎರಡು ಸಲ ಮೆಲ್ಲಗೆ ಹಗ್ಗ ಎಳೆದಿಡುತ್ತೇನೆ.

ಏರ್ ಫಿಲ್ಟರ್ ದಿನಾ ಸಂಜೆ ಕೊಡವುತ್ತೇನೆ. ಮೂರನೇ ವರ್ಷ ರೇಸ್ ಏರದೇ ಹೋದಾಗ ಫಿಲ್ಟರ್, ಪ್ಲಗ್ ಎರಡನ್ನೂ ಬದಲಿಸಿ ದುಡ್ಡು ಕಳೆದೆ. ಕೊನೆಗೆ ನೋಡಿದರೆ ಸೈಲೆನ್ಸರ್ ಬಾಯಿಯ ಸಣ್ಣ ಜಾಲರಿ ಮಸಿ ಕಟ್ಟಿತ್ತು. ತಂತಿ ಬ್ರಷ್ಷಿನಿಂದ ಉಜ್ಜಲು ಐದು ನಿಮಿಷ. ಆ ಜಾಲರಿ ಕಿಡಿ ಹಾರದಂತೆ ತಡೆಯುವುದಕ್ಕೇ ಇರುವುದು, ಕಿತ್ತು ಬಿಸಾಡಬೇಡಿ.

ತೋಟದೊಳಗೆ ಮಾತ್ರ ಇದನ್ನು ಇಳಿಸುವುದಿಲ್ಲ. ಅಡಿಕೆ ಬುಡದ ಮುಚ್ಚಿಗೆ ಹಾರಿಹೋದರೆ ಬೇರು ಬಯಲಾಗುತ್ತದೆ. ಅಲ್ಲಿ ಈಗಲೂ ಅಮ್ಮನ ಕಡ್ಡಿ ಪೊರಕೆಯೇ.