ಅಲುಗಾಡಿಸೋದು ನಿಲ್ಲಿಸಿದ ಮೇಲೆ ಕೆಲಸ ಮಾಡಿದ ಬ್ಯಾಕ್ಟೀರಿಯಾ

ಲ್ಯಾಬ್ ಕೆಲಸ ಶುರುಮಾಡುವ ಮೊದಲು ನಾವು ಐದು ಜನ ಒಬ್ಬ ತಾಯಿಯನ್ನು ಮಾತಾಡಿಸಿದೆವು. ಅವರ ಮಗನಿಗೆ ಪಿಕೆಯು, ಅಂದರೆ ಫೀನೈಲ್‌ಕೀಟೋನ್ಯೂರಿಯಾ. ಪ್ರೋಟೀನಿನಲ್ಲಿರುವ ಫೀನೈಲ್‌ಅಲನಿನ್ ಅನ್ನೋ ಅಮೈನೋ ಆಮ್ಲ ಇವನ ಮೈಯಲ್ಲಿ ಸರಿಯಾಗಿ ಒಡೆಯುವುದಿಲ್ಲ, ರಕ್ತದಲ್ಲಿ ಏರುತ್ತಾ ಹೋಗಿ ಮೆದುಳಿಗೇ ಪೆಟ್ಟು ಕೊಡುತ್ತದೆ. ಬೇಳೆ, ಹಾಲು, ಮೊಟ್ಟೆ ಯಾವುದೂ ಕೊಡೋ ಹಾಗಿಲ್ಲ. ‘ಮದುವೆ ಊಟಕ್ಕೆ ಕೂತರೆ ನನ್ನ ಕಣ್ಣೆಲ್ಲ ಅವನ ಎಲೆ ಮೇಲೇ ಇರುತ್ತಮ್ಮಾ, ಯಾರಾದರೂ ಪ್ರೀತಿಯಿಂದ ಒಂದು ಸೌಟು ತೊವ್ವೆ ಬಡಿಸಿಬಿಟ್ಟರೆ ಅಂತ’ ಅಂದರು. ಆ ಮಾತು ಕೇಳಿದ ಮೇಲೆ ಬೇರೆ ವಿಷಯ ಹುಡುಕಲೇ ಇಲ್ಲ.

ಫೀನೈಲ್‌ಅಲನಿನ್ ಅನ್ನು ಕರುಳಿನಲ್ಲೇ ಒಡೆಯುವ ಬ್ಯಾಕ್ಟೀರಿಯಾ ಕಟ್ಟುವ ಉಪಾಯ ನಮ್ಮದಲ್ಲ. ಅಮೆರಿಕದ ಸಿನ್‌ಲಾಜಿಕ್ ಕಂಪನಿ ಆಗಲೇ ಮಾಡಿತ್ತು. ಇ. ಕೋಲೈ ನಿಸ್ಲೆ 1917 ಅನ್ನೋ ಬ್ಯಾಕ್ಟೀರಿಯಾ ತಳಿ ಇದೆ. ಮೊದಲ ಮಹಾಯುದ್ಧದಲ್ಲಿ ಜೊತೆಯವರಿಗೆಲ್ಲ ಭೇದಿ ಹತ್ತಿದರೂ ಗಟ್ಟಿಯಾಗಿದ್ದ ಒಬ್ಬ ಸೈನಿಕನ ಕರುಳಿನಿಂದ ಆಲ್ಫ್ರೆಡ್ ನಿಸ್ಲೆ ತೆಗೆದದ್ದು. ಹೊಟ್ಟೆಗೆ ತೊಂದರೆ ಕೊಡುವುದಿಲ್ಲ. ಅದಕ್ಕೆ ಫೋಟೋರ್‍ಯಾಬ್ಡಸ್ ಬ್ಯಾಕ್ಟೀರಿಯಾದ ಒಂದು ಜೀನ್ ಸೇರಿಸಿದರೆ ಪಿಎಎಲ್ ಅನ್ನೋ ಕಿಣ್ವ ತಯಾರಾಗುತ್ತದೆ, ಅದು ಫೀನೈಲ್‌ಅಲನಿನ್ ಅನ್ನು ಸಿನಾಮಿಕ್ ಆಮ್ಲ ಮಾಡುತ್ತದೆ. ಕಾಲೇಜಿನ ಬಯೋಸೇಫ್ಟಿ ಸಮಿತಿಯ ಒಪ್ಪಿಗೆ ಪಡೆದು ನಾವೂ ಕಟ್ಟಿದೆವು. ಸೀಕ್ವೆನ್ಸಿಂಗ್‌ನಲ್ಲಿ, ಅಂದರೆ ಡಿಎನ್‌ಎ ಓದಿ ನೋಡಿದಾಗ, ಒಂದಕ್ಷರವೂ ತಪ್ಪಿರಲಿಲ್ಲ.

ಆದರೂ ಸಿನಾಮಿಕ್ ಆಮ್ಲ ಬರಲಿಲ್ಲ.

ಅದನ್ನು 290 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯಬೇಕು. ಲ್ಯಾಬಿನಲ್ಲಿದ್ದ ಪ್ಲಾಸ್ಟಿಕ್ ಕ್ಯುವೆಟ್, ಅಂದರೆ ಅಳೆಯೋಕೆ ದ್ರವ ಹಾಕಿಡುವ ಪುಟ್ಟ ಪಾತ್ರೆ, ಆ ಅಲ್ಟ್ರಾವಯಲೆಟ್ ಬೆಳಕನ್ನೇ ತಡೆಯುತ್ತದೆ ಅಂತ ಗೊತ್ತಾಗೋಕೆ ಒಂದು ವಾರ ಹೋಯಿತು. ಪಕ್ಕದ ಡಿಪಾರ್ಟ್‌ಮೆಂಟಿನಿಂದ ಕ್ವಾರ್ಟ್ಜ್ ಕ್ಯುವೆಟ್ ಕೇಳಿ ತಂದೆವು. ಆಗಲೂ ಸೊನ್ನೆ. ಕಿಣ್ವವೇ ಕೆಟ್ಟಿದೆಯೇನೋ ಅಂತ ಮತ್ತೆ ಮೊದಲಿಂದ ಕ್ಲೋನಿಂಗ್, ಅಂದರೆ ಜೀನ್ ಸೇರಿಸುವ ಕೆಲಸ, ಮಾಡಿದೆವು. ಮತ್ತೆ ಸೊನ್ನೆ.

ಒಂದು ರಾತ್ರಿ ಶೇಕರ್ ಪಕ್ಕ ಕೂತಿದ್ದೆ. ಫ್ಲಾಸ್ಕ್‌ಗಳು ನಿಮಿಷಕ್ಕೆ 200 ಸುತ್ತು ತಿರುಗುತ್ತಾ ಇದ್ದವು, ಒಳಗೆ ಮಜ್ಜಿಗೆ ಕಡೆದ ಹಾಗೆ ನೊರೆ. ನಾವು ಹಾಕಿದ್ದು ಎಫ್‌ಎನ್‌ಆರ್ ಪ್ರೊಮೋಟರ್ ಅಲ್ವಾ, ಅಂದರೆ ಆಮ್ಲಜನಕ ಕಡಿಮೆಯಾದಾಗ ಮಾತ್ರ ಜೀನನ್ನು ಆನ್ ಮಾಡುವ ಸ್ವಿಚ್, ಕರುಳಿನಲ್ಲಿ ಆಮ್ಲಜನಕ ತೀರಾ ಕಡಿಮೆ ಅಂತಲೇ ನಾವಾಗಿ ಆರಿಸಿದ್ದು. ಆಮೇಲೆ ನಾವೇ ರಾತ್ರಿಯಿಡೀ ಅಲುಗಾಡಿಸಿ ಅದಕ್ಕೆ ಗಾಳಿ ತುಂಬುತ್ತಿದ್ದೆವು!

ಬೆಳೆದ ಕಲ್ಚರನ್ನು 15 ಮಿಲಿಯ ಟ್ಯೂಬಿಗೆ ಬಾಯಿಮಟ್ಟ ತುಂಬಿ, ಮುಚ್ಚಳ ಬಿಗಿದು, 37 ಡಿಗ್ರಿಯಲ್ಲಿ ಸುಮ್ನೆ ನಿಲ್ಲಿಸಿದೆ. ನಾಲ್ಕು ಗಂಟೆ ಕಳೆದ ಮೇಲೆ ಫೀನೈಲ್‌ಅಲನಿನ್ ಕೊಟ್ಟು, ಅರ್ಧ ಗಂಟೆಗೊಮ್ಮೆ ಒಂದೊಂದು ಟ್ಯೂಬ್ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಅಳೆದೆ. ಜೀನ್ ಸೇರಿಸದ ನಿಸ್ಲೆಯ ಅಳತೆ ಇದ್ದಲ್ಲೇ ಇತ್ತು. ನಮ್ಮದು ಮಾತ್ರ ಏರುತ್ತಾ ಹೋಯಿತು. ಬೆಳಗಿನ ಜಾವ ಎಲ್ಲರನ್ನೂ ಫೋನ್ ಮಾಡಿ ಎಬ್ಬಿಸಿದೆ.

ಗ್ರಾಫ್ ತೋರಿಸೋಕೆ ಆ ತಾಯಿಯ ಮನೆಗೆ ಹೋದೆವು. ‘ಔಷಧಿ ಯಾವಾಗ ಸಿಗುತ್ತಮ್ಮಾ?’ ಅಂತ ಕೇಳಿದರು. ಸಿನ್‌ಲಾಜಿಕ್ ತನ್ನ ಮೂರನೇ ಹಂತದ ಪ್ರಯೋಗವನ್ನು 2024ರಲ್ಲಿ ನಿಲ್ಲಿಸಿತು, ಟ್ಯೂಬಿನಲ್ಲಿ ಆದದ್ದು ಮನುಷ್ಯನ ಕರುಳಿನಲ್ಲಿ ಅಷ್ಟೇ ಚೆನ್ನಾಗಿ ಆಗಬೇಕೆಂದಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಫಿ ತರ್ತೀನಿ, ಕೂತ್ಕೊಳ್ಳಿ’ ಅಂದರು.

ನಮ್ಮ ಜೀನ್ ಇನ್ನೂ ಬ್ಯಾಕ್ಟೀರಿಯಾವನ್ನು ಆಂಟಿಬಯಾಟಿಕ್‌ಗೆ ಜಗ್ಗದ ಹಾಗೆ ಮಾಡುವ ಪ್ಲಾಸ್ಮಿಡ್‌ನಲ್ಲೇ, ಅಂದರೆ ಕ್ರೋಮೋಸೋಮ್‌ನಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರದಲ್ಲೇ, ಇದೆ. ಅಂಥದ್ದು ಯಾವ ಮಗುವಿನ ಹೊಟ್ಟೆಗೂ ಹೋಗಬಾರದು. ಹಾಗಾಗಿ ಈಗ ಜೀನನ್ನು ನೇರ ಬ್ಯಾಕ್ಟೀರಿಯಾದ ಕ್ರೋಮೋಸೋಮ್‌ಗೆ ಸೇರಿಸುವ ಕೆಲಸ ನಡೆದಿದೆ.