ಹಿನ್ನೀರಿಗೆ ಹಾಯಿದೋಣಿ ಇಳಿಸಲು ಅಡಿಕೆ ದಬ್ಬೆಯೇ ಸಾಕಾಯ್ತು

ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಒಳ್ಳೆ ಮಳೆಯಾದ ವರ್ಷ ನೀರು ನಮ್ಮ ತೋಟದ ಬೇಲಿ ಬುಡಕ್ಕೇ ಬರುತ್ತದೆ. ಮೇ ಕೊನೆಗೆ ಅದೇ ನೀರು ಐವತ್ತು ಅರವತ್ತು ಅಡಿ ಕೆಳಗೆ ಹೋಗಿ, ಅಂಗಳದಿಂದ ನೋಡಿದರೆ ಕೆಂಪು ಬಯಲು ಬಿಟ್ಟು ಬೇರೇನೂ ಕಾಣುವುದಿಲ್ಲ. ದಡವೇ ಹೀಗೆ ಓಡಾಡುವಾಗ ದೋಣಿ ಇಳಿಸುವ ಜಾಗ ಎಲ್ಲಿ ಕಟ್ಟುತ್ತೀರಿ? ಕಾಂಕ್ರೀಟ್ ಇಳಿಜಾರು ಮಾಡಿಸು ಅಂತ ಸಲಹೆ ಕೊಟ್ಟವರು ಬಹಳ. ಬೇಲಿಯಾಚೆಯ ಮುಳುಗಡೆ ಜಾಗ ನನ್ನದಲ್ಲ. ನನ್ನದೇ ಆಗಿದ್ದರೂ ವರ್ಷದಲ್ಲಿ ಎರಡು ತಿಂಗಳಿಗೆ ಅಷ್ಟು ಸಿಮೆಂಟ್ ಸುರಿಯುವ ತಾಕತ್ತು ನನಗಿಲ್ಲ.

ನನ್ನದು ಹದಿನಾಲ್ಕು ಅಡಿ ಚಿಲ್ಲರೆಯ ಫೈಬರ್ ದೋಣಿ, ಒಂದೇ ಹಾಯಿ. ಗೋವಾ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು, ನಲವತ್ತೈದು ಸಾವಿರದ ಆಸುಪಾಸು. ಪಿಕಪ್ ಬಾಡಿಗೆ ಮತ್ತೆ ಹತ್ತು. ಆಗಿನ್ನೂ ಹಿನ್ನೀರಿನ ಮೇಲಿನ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಆಗಿರಲಿಲ್ಲ, ಅದು ಓಡಾಟಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಹಾಗಾಗಿ ದೋಣಿ ಹೊತ್ತ ಪಿಕಪ್ಪು ವಾಹನ ದಾಟಿಸುವ ಲಾಂಚ್ ಹತ್ತಿ ಹೊಳೆ ದಾಟಿತು. ಲಾಂಚ್‌ನಲ್ಲಿದ್ದವರು ನಕ್ಕಿದ್ದು ಇನ್ನೂ ನೆನಪಿದೆ.

ಮೊದಲು ಮೊಪೆಡ್ ಚಕ್ರದ ಟ್ರಾಲಿ ಮಾಡಿಸಿದೆ. ವೆಲ್ಡಿಂಗ್ ಎಲ್ಲಾ ಸೇರಿ ಹನ್ನೊಂದು ಸಾವಿರ. ಗಟ್ಟಿ ನೆಲದಲ್ಲಿ ಚಂದ ಉರುಳಿತು, ನೀರಿನ ಅಂಚಿನ ಗೋಡಿನಲ್ಲಿ, ಅಂದರೆ ಹೂಳಿನ ಕೆಸರಿನಲ್ಲಿ, ಅಚ್ಚಿನವರೆಗೆ ಹೂತುಕೊಂಡಿತು. ಟ್ರ್ಯಾಕ್ಟರ್ ಕರೆಸಿದರೆ ಒಂದು ಸಲಕ್ಕೆ ಸಾವಿರ ರೂಪಾಯಿ, ಮೇಲಾಗಿ ಅದೂ ಒಮ್ಮೆ ಹುಗಿದು ಅದನ್ನು ಎಳೆಯಲು ಇನ್ನೊಂದು ಬಂತು. ಪಿವಿಸಿ ಪೈಪಿನ ಮೇಲೆ ಉರುಳಿಸಿದ್ದಾಯ್ತು: ತಗ್ಗಿನಲ್ಲಿ ಪೈಪು ಒಂದು ದಿಕ್ಕು, ದೋಣಿ ಒಂದು ದಿಕ್ಕು.

ದಬ್ಬೆಯ, ಅಂದರೆ ಸೀಳಿದ ಅಡಿಕೆ ಮರದ ಪಟ್ಟಿಯ, ಯೋಚನೆ ಬಂದದ್ದು ಆಮೇಲೆ. "ದಬ್ಬೆ ಚಪ್ಪರಕ್ಕೆ ಹಾಕೋದು ಮಾರಾಯಾ, ದೋಣಿಗಲ್ಲ" ಅಂದರು ಪಕ್ಕದ ಮನೆಯ ಹೆಗಡೇರು. ಹಳೆ ಮರ ಬಿದ್ದಾಗ ಸೀಳಿಟ್ಟಿದ್ದ ದಬ್ಬೆ, ಹತ್ತು ಹತ್ತಡಿಯವು. ತಿರುಳು ಕೆಳಗೆ, ಹೊರಮೈ ಮೇಲೆ. ಎರಡು ಸಾಲಿಟ್ಟು ಅಡ್ಡಪಟ್ಟಿ ಬಿಗಿದರೆ ಏಣಿಯಂತಾಗುತ್ತದೆ. ಅಂಥ ನಾಲ್ಕು ಏಣಿ. ದೋಣಿ ಮುಂದೆ ಜಾರಿದ ಹಾಗೆ ಹಿಂದಿನದನ್ನು ಎತ್ತಿ ಮುಂದೆ ಹಾಕುವುದು. ಅಗಲ ಇರುವುದರಿಂದ ಗೋಡಿನಲ್ಲಿ ಹುಗಿಯುವುದಿಲ್ಲ. ದೋಣಿ ಕೂರುವ ಮರದ ತೊಟ್ಟಿಲಿನ ಅಡಿಗೆ ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ (ಮೈಲುತುತ್ತ, ಸುಣ್ಣ) ಕಲೆಸುವ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಕೊಯ್ದು ಪಟ್ಟಿ ಹೊಡೆದೆ. ಮೊಳೆಯ ತಲೆ ಒಳಗೆ ಇಳಿದಿರಬೇಕು, ಇಲ್ಲದಿದ್ದರೆ ದಬ್ಬೆಯನ್ನು ಕೆತ್ತುತ್ತದೆ. ದಬ್ಬೆಗೆ ಏನು ಸವರುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಗ್ರೀಸ್ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ನಾನು, ಮಗ ಇಬ್ಬರೇ, ತುಂಬಿದ ಕಾಲದಲ್ಲಿ ಹತ್ತು ನಿಮಿಷದೊಳಗೆ ದೋಣಿ ನೀರಿನಲ್ಲಿ. ಹೆಗಡೇರು ಈಗ ನೆಂಟರನ್ನು ಕರೆತಂದು ತೋರಿಸುತ್ತಾರೆ. ನೀರು ಇಳಿಯುವ ತಿಂಗಳುಗಳಲ್ಲಿ ದಿನಾ ಮನೆಗೆ ಎಳೆಯುವುದಿಲ್ಲ. ದಡದಲ್ಲೇ ಕುಂಟೆಗೆ ಬಿಗಿದು, ವಾರಕ್ಕೊಮ್ಮೆ ನೀರಿನ ಬೆನ್ನಿಗೆ ಇಳಿಸುತ್ತಾ ಹೋಗುವುದು. ಮಳೆ ಹಿಡಿಯುವ ಮುಂಚೆ ಒಂದೇ ಸಲ ಮೇಲಕ್ಕೆ. ಅದಕ್ಕೆ ಕೈ ವಿಂಚ್ ಬೇಕೇ ಬೇಕು, ಎರಡೂವರೆ ಸಾವಿರದ್ದು ಸಾಕು. ಖರ್ಚಿನಲ್ಲಿ ಸಾರ್ಥಕವಾದದ್ದು ಅದೊಂದೇ. ದಬ್ಬೆಗೆ ಒರಲೆ ಹತ್ತುತ್ತದೆ, ಕಲ್ಲಿನ ಮೇಲೆ ಎತ್ತರಿಸಿಟ್ಟರೂ ಎರಡು ವರ್ಷ ಬಂದರೆ ಹೆಚ್ಚು.

ಕುಂಟೆ ಅಂದೆನಲ್ಲ, ಮುಳುಗಿದ ಕಾಡಿನ ಮರದ ಬುಡಗಳು. ದಸರಾ ಕಳೆದು ನೀರು ಹತ್ತು ಹದಿನೈದಡಿ ಇಳಿದ ಮೇಲೆ ಇವೇ ದೊಡ್ಡ ಶತ್ರು, ಮೇಲಿಂದ ಕಾಣುವುದಿಲ್ಲ. ಬೇಸಿಗೆಯಲ್ಲಿ ಬಯಲಾದಾಗ ನಡೆದು ಹೋಗಿ ನಮ್ಮ ದಾರಿಯ ಕುಂಟೆಗಳಿಗೆ ಉದ್ದ ಹಗ್ಗದಲ್ಲಿ ಖಾಲಿ ಬಾಟ್ಲಿ ಕಟ್ಟಿದ್ದೇನೆ. ಚುಕ್ಕಾಣಿಯ ಅಲಗನ್ನು ತಿರುಗಣೆಗೆ ಹಾಕಿ ಸೈಕಲ್ ಟ್ಯೂಬಿನಲ್ಲಿ ಬಿಗಿದದ್ದರಿಂದ ಬಡಿದರೆ ತಾನೇ ಮೇಲೇಳುತ್ತದೆ. ಮೊದಲಿನದು ಹಲಸಿನ ಹಲಗೆ, ಗಟ್ಟಿಯಾಗಿ ಕೂರಿಸಿದ್ದು. ಎರಡು ಹೋಳಾಗಿ ಹೋಯಿತು.

ರಿಪೇರಿ ವಿಷಯ. ಮಳೆಗಾಲದಲ್ಲಿ ರೆಸಿನ್, ಅಂದರೆ ಫೈಬರ್ ಕೂಡಿಸುವ ಅಂಟು, ಮುಟ್ಟಲೇಬೇಡಿ. ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಜಾಸ್ತಿ ಹಾಕಿ ನೋಡಿದೆ, ಬಲ್ಬು ಹಚ್ಚಿ ಕಾಯಿಸಿದೆ, ಮೇಲ್ಮೈ ಅಂಟಂಟಾಗಿಯೇ ಉಳಿಯಿತು. ಏಳು ಸಾವಿರದ ಸಾಮಾನು ಕೆರೆದು ಎಸೆದಿದ್ದಾಯ್ತು. ಈಗ ಅಡಿಕೆ ಕೊಯ್ಲಿನ ಹೊತ್ತಿಗೆ, ಒಣ ಹವೆಯಲ್ಲಿ, ಮಧ್ಯಾಹ್ನ ಮಾಡುತ್ತೇನೆ. ಅಡಿಕೆ ಬೇಯಿಸುವ ಒಲೆ ಪಕ್ಕ ಮಾಡಿದರೆ ಬೇಗ ಗಟ್ಟಿಯಾದೀತು ಅನ್ನಿಸಬಹುದು, ಬೇಡ. ರೆಸಿನ್ ಬೆಂಕಿ ಹಿಡಿಯುವ ಸಾಮಾನು. ಹಾಯಿ ಬೂಸು ಹಿಡಿಯದ ಹಾಗೆ ಅಟ್ಟದಲ್ಲಿ ತೂಗುಹಾಕಿದ್ದೇನೆ, ಮಡಚುವುದಿಲ್ಲ. ಇಲಿ ಕಡಿದದ್ದನ್ನು ಸಾಗರದಲ್ಲಿ ಟಾರ್ಪಾಲ್ ಹೊಲಿಯುವವರು ಐನೂರಕ್ಕೋ ಆರುನೂರಕ್ಕೋ ಹೊಲಿದರು.

ಪಾಚಿ ಹಿಡಿಯದಿರಲಿ ಅಂತ ತಳಕ್ಕೆ ಮೈಲುತುತ್ತ ಸುಣ್ಣ ಬಳಿದದ್ದು ತೊಳೆದುಹೋಯಿತು. ಅದಕ್ಕಿಂತ ಹೆಚ್ಚಾಗಿ, ಮೈಲುತುತ್ತದ ಡ್ರಮ್ಮಿನ ಬದಿಗೆ ಒರಗಿಸಿದ್ದ ಅಲ್ಯೂಮಿನಿಯಂ ಕೂವೆಗೆ (ಹಾಯಿ ಕಟ್ಟುವ ಕಂಬಕ್ಕೆ) ಸಣ್ಣ ಸಣ್ಣ ಗುಳಿ ಬಿದ್ದವು. ಮೈಲುತುತ್ತದಲ್ಲಿರುವ ತಾಮ್ರ ಆ ಲೋಹವನ್ನು ತಿನ್ನುತ್ತದೆ, ಔಷಧಿ ಹೊಡೆಯುವ ದಿನ ಕೂವೆ ಹೊರಗೆ.

ಗೆದ್ದದ್ದು ದೋಟಿ, ಅಡಿಕೆ ಕೊಯ್ಯುವ ಉದ್ದ ಕೋಲು. ಮುರಿದ ಕಾರ್ಬನ್ ದೋಟಿಯ ಬುಡದ ತುಂಡನ್ನು ಹಾಯಿಯ ಕೆಳಗಿನ ಅಡ್ಡಕೋಲಾಗಿ ಹಾಕಿದ್ದೇನೆ. ಹೊಸ ದೋಟಿಗೆ ಎಷ್ಟು ಕೊಟ್ಟಿದ್ದೆ ಅಂತ ಹೆಂಡತಿಗೆ ಇನ್ನೂ ಸರಿಯಾಗಿ ಹೇಳಿಲ್ಲ, ಮುರಿದದ್ದಾದರೂ ಕೆಲಸಕ್ಕೆ ಬಂತು. ತುದಿಯ ತುಂಡೂ ಇದೆ. ದೋಣಿಯ ಮುಂದಕ್ಕೆ ಇನ್ನೊಂದು ಸಣ್ಣ ಹಾಯಿ ಸೇರಿಸಿ, ಅದಕ್ಕೆ ಅದರಲ್ಲಿ ಕೋಲು ಮಾಡುವ ಅಂದಾಜಿದೆ, ಈ ಫೆಬ್ರವರಿಯ ಗಾಳಿಗೆ ನೋಡಬೇಕು.